ನೀಲಿ ಡಬ್ಬಿಯ ನೊರೆ

ಕೈಯಳತೆಯವರು, ಕಣ್ಣಳತೆಯವರು ಎಂದು ಅಡುಗೆಯವರಲ್ಲಿ ಎರಡು ಬಗೆ. ಗ್ರಾಂ ಅಕ್ಕ ಎರಡಕ್ಕೂ ಸೇರಿದವಳಲ್ಲ. ಅವಳ ಅಡುಗೆಮನೆಯಲ್ಲಿ ಚಿಟಿಕೆ ಉಪ್ಪು ಕೂಡ ತಕ್ಕಡಿ ಹತ್ತಿ ಇಳಿಯದೆ ಪಾತ್ರೆಗೆ ಬೀಳುವಂತಿರಲಿಲ್ಲ. ಮೂರನೇ ಮಂಚದವನಿಗೆ ನೂರ ನಲವತ್ತೆರಡು ಗ್ರಾಂ ಬೇಯಿಸಿದ ಆಲೂಗಡ್ಡೆ ಎಂದರೆ ನೂರ ನಲವತ್ತೆರಡೇ. ನಲವತ್ತಮೂರಾದರೆ ಚಾಕುವಿನ ತುದಿಯಿಂದ ಚೂರು ಕೆತ್ತಿ ತೆಗೆಯಬೇಕು. ಉಂಡ ತಟ್ಟೆ ವಾಪಸು ಬಂದ ಮೇಲೆ ಅದನ್ನೂ ತೂಗಬೇಕು. ತಟ್ಟೆಯ ಅಂಚಿನಲ್ಲಿ ಎರಡು ಗ್ರಾಂ ಸೂಪು ಉಳಿದಿದ್ದರೆ ಮೆತ್ತನೆಯ ರಬ್ಬರ್ ಚಮಚದ ಜೊತೆ ಅದೇ ತಟ್ಟೆಯನ್ನು ಮತ್ತೆ ಒಳಗೆ ಕಳಿಸುತ್ತಿದ್ದಳು. "ಕೆರೆದು ತಿನ್ನಪ್ಪಾ, ನಿನ್ನ ಹೊಟ್ಟೆಗಲ್ಲ, ವಿಜ್ಞಾನಕ್ಕೆ" ಎನ್ನುತ್ತಿದ್ದಳು. ಆ ಹೆಸರು ಅವಳಿಗೆ ಅಂಟಿದ್ದು ಹಾಗೆ. ಮದುವೆಯ ಹೊಸತರಲ್ಲಿ ಅವಳ ಸ್ವಂತ ಮನೆಯ ಸೂಪಿನಲ್ಲಿ ಉಪ್ಪು ಯಾವತ್ತೂ ಜಾಸ್ತಿಯಾಗುತ್ತಿತ್ತು ಎಂಬುದು ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಅವಳು ಎಂಟು ವರ್ಷದಿಂದ ದುಡಿಯುತ್ತಿದ್ದ ಆ ಕಟ್ಟಡದಲ್ಲಿ ಆರೋಗ್ಯವಾಗಿರುವ ಗಂಡಸರನ್ನು ಎರಡು ತಿಂಗಳು ಮಲಗಿಸುತ್ತಿದ್ದರು. ರೋಗ ರುಜಿನ ಏನೂ ಇಲ್ಲದ, ಕಲ್ಲು ತಿಂದರೂ ಅರಗಿಸಿಕೊಳ್ಳುವಂಥವರು. ಮಂಚದ ತಲೆಯ ಕಡೆ ಸ್ವಲ್ಪ ತಗ್ಗು, ಕಾಲಿನ ಕಡೆ ಸ್ವಲ್ಪ ಎತ್ತರ. ಅರವತ್ತು ದಿನ ಏಳುವಂತಿಲ್ಲ, ಕೂರುವಂತಿಲ್ಲ. ಊಟ, ಸ್ನಾನ, ಉಳಿದದ್ದೆಲ್ಲ ಮಲಗಿಯೇ. ಬಾಹ್ಯಾಕಾಶಕ್ಕೆ ಹೋದವರ ದೇಹಕ್ಕೆ ಏನಾಗುತ್ತದೋ ಅದೇ ಹೆಚ್ಚುಕಡಿಮೆ ಇವರಿಗೂ ಆಗುತ್ತದಂತೆ. ಅಷ್ಟು ದೂರ ಕಳಿಸುವುದಕ್ಕಿಂತ ಮಲಗಿಸುವುದು ಸುಲಭ ಎಂದು ಯಾರೋ ಬುದ್ಧಿವಂತರು ಕಂಡುಹಿಡಿದಿದ್ದರು. ಗ್ರಾಂ ಅಕ್ಕನಿಗೆ ಮೊದಲ ಏಳು ವರ್ಷ ಇದೆಲ್ಲ ಒಂದು ತಮಾಷೆ. "ಗಂಡಸರನ್ನ ಮಲಗಿಸಿ ಊಟ ಕೊಟ್ಟರೆ ಏನಾಗುತ್ತೆ ಅಂತ ನೋಡೋಕೆ ಇಷ್ಟು ದೊಡ್ಡ ಕಟ್ಟಡ ಬೇಕಿತ್ತಾ? ಯಾರ ಮನೆಗೆ ಬೇಕಾದ್ರೂ ಬಂದು ನೋಡಬಹುದಿತ್ತು" ಎಂದು ನಗುತ್ತಿದ್ದಳು.

ಎಂಟನೇ ವರ್ಷ ಅವಳ ಮನೆಯಲ್ಲೇ ಒಬ್ಬ ಮಲಗಿದ. ತಮಾಷೆ ಅಲ್ಲಿಗೆ ನಿಂತಿತು.

ಗಂಡ ಗೋಡೆಗೆ ಬಣ್ಣ ಬಳಿಯುವವನು. ಇಪ್ಪತ್ತು ವರ್ಷ ಹಗ್ಗ, ಹಲಗೆ, ಏಣಿ ನಂಬಿ ಬದುಕಿದವನು. ಒಂದು ಬೆಳಿಗ್ಗೆ ಮೂರನೇ ಮಹಡಿಯ ಎತ್ತರದಲ್ಲಿ ಹಲಗೆ ಮಗುಚಿತು. ಜೀವ ಉಳಿಯಿತು. ಎರಡೂ ತೊಡೆಯ ಮೂಳೆ, ಸೊಂಟದ ಮೂಳೆ ಮುರಿದಿದ್ದವು. ಮೂಳೆಗಳಿಗೆ ಸರಳು ಹಾಕಿದ ಡಾಕ್ಟರು, ನಾಲ್ಕು ತಿಂಗಳು ಕಾಲ ಮೇಲೆ ಭಾರ ಬೀಳಕೂಡದು, ಅಲುಗಿಸಲೂ ಕೂಡದು ಎಂದರು. ಆಮೇಲೆ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ನಡಿಗೆ ಕಲಿಸುವ ವಾರ್ಡಿದೆ, ಅಲ್ಲಿ ಸೇರಿಸಿಕೊಳ್ಳುತ್ತಾರೆ. ಆದರೆ ಒಂದು ಕಟ್ಟಳೆ. ನಾಲ್ಕು ತಿಂಗಳಾದ ದಿನ ಎರಡು ಕಂಬಿಗಳ ನಡುವೆ, ಕಂಬಿ ಹಿಡಿದುಕೊಂಡು, ಮೂವತ್ತು ಎಣಿಸುವವರೆಗೆ ನಿಲ್ಲಬೇಕು. ನಿಂತವನಿಗೆ ಹಾಸಿಗೆ ಉಂಟು. ನಿಲ್ಲದವನಿಗೆ ಒಂದು ಗಾಲಿಕುರ್ಚಿ, ಒಂದು ಕಾಗದ, ಮನೆ ದಾರಿ. ನಿಲ್ಲಬಲ್ಲವರನ್ನು ನಡೆಸುವುದು ಆ ವಾರ್ಡಿನ ಕೆಲಸ. ನಿಲ್ಲಲಾರದವರನ್ನು ನಿಲ್ಲಿಸುವುದು ಯಾರ ಕೆಲಸವೂ ಅಲ್ಲ. ಇದನ್ನು ಬರೆದವರ ಕಾಲು ಗಟ್ಟಿಯಾಗಿದ್ದಿರಬೇಕು.

ಹಗಲು ಹೊತ್ತು ಗಂಡನ ಅಕ್ಕ ಬಂದು ಅವನ ಹತ್ತಿರ ಕೂರುತ್ತಿದ್ದಳು. ಗ್ರಾಂ ಅಕ್ಕ ಸಂಜೆ ಮನೆಗೆ ಬಂದು, ಹೊದಿಕೆ ಸರಿಸಿ, ಅವನ ಕಾಲು ನೋಡುತ್ತಿದ್ದಳು. ಏಣಿ ಹತ್ತಿ ಹತ್ತಿ ಕಲ್ಲಿನಂತಾಗಿದ್ದ ಮೀನಖಂಡ ಎಂಟೇ ವಾರದಲ್ಲಿ ಜೋತುಬಿದ್ದಿತ್ತು. ಬೇರೆ ಹೆಂಡತಿಯಾಗಿದ್ದರೆ ಅದರ ಅರ್ಥ ತಿಳಿಯುತ್ತಿರಲಿಲ್ಲ. ಇವಳು ಎಂಟು ವರ್ಷದಿಂದ ಮಲಗಿದ ಗಂಡಸರ ಕಾಲುಗಳನ್ನು ಕಂಡವಳು. ಹೀಗೇ ಹೋದರೆ ನಾಲ್ಕನೇ ತಿಂಗಳಿಗೆ ಏನು ಉಳಿದಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸರಿಯಾಗಿ ಅದೇ ಹೊತ್ತಿಗೆ ಹೊಸ ಪ್ರಯೋಗ ಶುರುವಾಯಿತು.

ಪ್ರಯೋಗದ ಹಿರಿಯಳನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಅಡುಗೆಯವರಿಗೂ ವಿಷಯ ತಿಳಿದಿರಬೇಕು ಎನ್ನುವವಳು. ಮೊದಲ ದಿನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು.

"ಬಾಹ್ಯಾಕಾಶಕ್ಕೆ ಹೋದವರಿಗೆ ಹಸಿವೇ ಸರಿಯಾಗಿ ಆಗಲ್ಲ. ಪೊಟ್ಟಣದ ಊಟ, ರುಚಿ ತಿಳಿಯಲ್ಲ, ಅರ್ಧ ತಿಂದು ಬಿಡ್ತಾರೆ. ತಿಂದರೂ ಕಾಲಿಗೆ ಕೆಲಸ ಇಲ್ಲ, ತೇಲ್ತಾ ಇರ್ತಾರೆ. ಕೆಲಸ ಇಲ್ಲದ ಮಾಂಸಖಂಡಾನ ದೇಹ ಸಾಕಲ್ಲ, ಕರಗಿಸಿಬಿಡುತ್ತೆ. ಕೊಬ್ಬು ಮಾತ್ರ ಇದ್ದ ಕಡೆ ಇರುತ್ತೆ. ಅದಕ್ಕೇ ದಿನಾ ಎರಡು ಗಂಟೆ ವ್ಯಾಯಾಮ ಮಾಡಿಸ್ತಾರೆ. ಈಗ ನಾವು ನೋಡಬೇಕಾಗಿರೋದು, ವ್ಯಾಯಾಮ ಇಲ್ಲದೆ ಬರೀ ಊಟದಲ್ಲೇ ಕಾಲನ್ನ ಉಳಿಸೋಕೆ ಆಗುತ್ತಾ ಅಂತ."

"ಊಟದಲ್ಲಿ ಅಂದ್ರೆ?"

"ಪ್ರೋಟೀನ್ ಪುಡಿ. ಹಾಲಲ್ಲಿ ಕಲಸಿ ಕೊಡೋದು."

"ಅದನ್ನ ಕುಡಿದ್ರೆ ಕಾಲು ಉಳಿಯುತ್ತಾ ಅಮ್ಮಾ?"

"ಅದನ್ನೇ ನೋಡಬೇಕು."

ನೋಡಬೇಕು ಎಂದರೆ ಗೊತ್ತಿಲ್ಲ ಎಂದರ್ಥ. ಗ್ರಾಂ ಅಕ್ಕ ದಡ್ಡಿಯಲ್ಲ, ಬೇರೆ ಯಾವ ವರ್ಷವಾಗಿದ್ದರೂ ಅದು ಅವಳಿಗೆ ಹಾಗೇ ಕೇಳಿಸುತ್ತಿತ್ತು. ಆದರೆ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಇಷ್ಟು ಓದಿದವರು, ಇಷ್ಟು ಯಂತ್ರ ಇಟ್ಟುಕೊಂಡವರು, ಏನೂ ಇಲ್ಲದೆ ಹನ್ನೆರಡು ಜನರನ್ನು ಎರಡು ತಿಂಗಳು ಮಲಗಿಸುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡಳು.

ಪುಡಿ ಎರಡು ಬಗೆಯ ಡಬ್ಬಿಗಳಲ್ಲಿ ಬಂತು. ಆರು ಜನಕ್ಕೆ ನೀಲಿ ಮುಚ್ಚಳದ್ದು, ಆರು ಜನಕ್ಕೆ ಹಸಿರು ಮುಚ್ಚಳದ್ದು. ಒಂದರಲ್ಲಿ ಅಸಲಿ ಪುಡಿ, ಇನ್ನೊಂದರಲ್ಲಿ ಬರೀ ಪಿಷ್ಟ. ಯಾವುದು ಯಾವುದೆಂದು ಮಲಗಿದವರಿಗೂ ಗೊತ್ತಿಲ್ಲ, ಅಡುಗೆಯವರಿಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಉತ್ತರ ಬೇರೆ ಯಾವುದೋ ಕಚೇರಿಯ ಬೀರುವಿನಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿತ್ತು. ಬಣ್ಣ ಒಂದೇ, ವಾಸನೆ ಒಂದೇ, ಸಿಹಿ ಒಂದೇ.

ಆದರೆ ಅಡುಗೆಯವಳ ಕೈಗೆ ಮೊಹರು ಹಾಕಲಾಗುತ್ತದೆಯೇ? ಮೂರನೇ ದಿನವೇ ಅವಳು ಗಮನಿಸಿದಳು. ನೀಲಿ ಡಬ್ಬಿಯ ಪುಡಿಯನ್ನು ಹಾಲಿಗೆ ಹಾಕಿ ಕಡೆದರೆ ಒಂದು ಬೆರಳೆತ್ತರ ನೊರೆ ಏಳುತ್ತಿತ್ತು, ಬೇಗ ಇಳಿಯುತ್ತಿರಲಿಲ್ಲ. ಹಸಿರಿನದ್ದು ಎದ್ದು ಕೂಡಲೇ ಕುಸಿಯುತ್ತಿತ್ತು. ಮೊಟ್ಟೆಯ ಬಿಳಿ ಕಡೆದು ಬಲ್ಲ ಯಾರಿಗೂ ಗೊತ್ತು, ನೊರೆ ನಿಲ್ಲುವುದು ಸತ್ವ ಇದ್ದಲ್ಲಿ. ಹಿಟ್ಟಿನ ನೀರಿಗೆ ಎಲ್ಲಿಯ ನೊರೆ? ನೀಲಿಯೇ ಅಸಲಿ ಎಂದು ಅವಳು ಅಂದೇ ತೀರ್ಮಾನಿಸಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವವಳು, ನೊರೆ ಬಂದದ್ದೆಲ್ಲ ಸತ್ವ ಎಂದು ನಂಬಿದಳು.

ತೆರೆದ ಡಬ್ಬಿಯನ್ನು ಏಳು ದಿನಕ್ಕೆ ಎಸೆಯಬೇಕೆಂಬುದು ಅಲ್ಲಿನ ನಿಯಮ. ತಳದಲ್ಲಿ ಉಳಿದದ್ದನ್ನು ತೂಗಿ, ಬರೆದು, ಕಸಕ್ಕೆ. ಗ್ರಾಂ ಅಕ್ಕ ತೂಗಿದಳು, ಬರೆದಳು. ನೀಲಿಯದನ್ನು ಕಸಕ್ಕೆ ಮಾತ್ರ ಹಾಕಲಿಲ್ಲ. ಹೇಗೂ ಎಸೆಯುವುದು ತಾನೇ ಎಂದು ಒಂದು ಡಬ್ಬಿಯ ಉಳಿಕೆಯನ್ನು ಇನ್ನೊಂದಕ್ಕೆ ಸುರಿದು, ಊಟದ ಚೀಲದಲ್ಲಿ ಮನೆಗೆ ತಂದಳು. ಹಸಿರು ಡಬ್ಬಿಗಳನ್ನು ಪ್ರಾಮಾಣಿಕವಾಗಿ ಎಸೆದಳು.

ಮನೆಗೂ ಒಂದು ಪುಟ್ಟ ತಕ್ಕಡಿ ಬಂತು. ಗಂಡನಿಗೆ ಬೆಳಿಗ್ಗೆ ಮೂವತ್ತು ಗ್ರಾಂ, ಸಂಜೆ ಮೂವತ್ತು ಗ್ರಾಂ.

"ಇದೇನೇ ಇದು?"

"ಗಗನಯಾತ್ರಿಗಳು ಕುಡಿಯೋದು. ಕಾಲು ಕರಗದ ಹಾಗೆ ನೋಡ್ಕೊಳ್ಳುತ್ತೆ."

"ಹಾಗಿದ್ರೆ ಸರಿಯಾಗೇ ಇದೆ. ನಾನೂ ಒಂಥರಾ ಗಗನಯಾತ್ರಿನೇ ಅಲ್ವಾ? ಮೂರನೇ ಮಹಡಿಯಿಂದ ನೆಲದವರೆಗೂ ಹಾರಿದ್ದೀನಿ" ಎಂದು ಅವನು ಮೂಗು ಮುಚ್ಚಿಕೊಂಡು ಕುಡಿದ.

ಗಂಡನ ಅಕ್ಕನ ನಾಲಿಗೆ ಸುಮ್ಮನಿರುವಂಥದ್ದಲ್ಲ. "ಹಾಲಿಗೆ ಪುಡಿ ಹಾಕಿದ್ರೆ ಕಾಲಿಗೆ ಬಲ ಬರುತ್ತಾ? ಹಾಗಿದ್ರೆ ಈ ಕುರ್ಚಿಗೂ ಒಂದು ಲೋಟ ಕುಡಿಸಮ್ಮ, ನಾಲ್ಕು ಕಾಲಿದೆ, ಅದೇ ಎದ್ದು ನಡೆದೀತು."

"ನೀವು ಸುಮ್ಮನಿರಿ ಅತ್ತಿಗೆ, ದೊಡ್ಡ ದೊಡ್ಡೋರು ಮಾಡ್ತಿರೋದು ಇದು" ಎಂದಳು ಇವಳು, ಸ್ವಲ್ಪ ಬಿರುಸಾಗಿಯೇ.

ಭಾನುವಾರ ಭಾನುವಾರ ಅವಳು ಅಳತೆ ಪಟ್ಟಿ ತಂದು ಗಂಡನ ಮೀನಖಂಡದ ಸುತ್ತಳತೆ ತೆಗೆಯತೊಡಗಿದಳು. ಮೊದಲ ವಾರ ಮೂವತ್ತೊಂದು ಸೆಂಟಿಮೀಟರು. ಎರಡನೇ ವಾರ ಅಷ್ಟೇ. ಇಳಿಯದೆ ನಿಂತದ್ದೇ ದೊಡ್ಡದು ಎಂದು ಅವಳು ಹಿಗ್ಗಿದಳು. ನಾಲ್ಕನೇ ವಾರ ಮೂವತ್ತೊಂದೂವರೆ. ಆರನೇ ವಾರ ಮೂವತ್ತೆರಡು ದಾಟಿತು. ಎರಡು ಸಲ ಅಳೆದಳು, ಮೂರು ಸಲ ಅಳೆದಳು, ಅತ್ತಿಗೆಯ ಕೈಗೂ ಪಟ್ಟಿ ಕೊಟ್ಟು ಅಳೆಸಿದಳು. ಅತ್ತಿಗೆ ಅಳೆದು ಪಟ್ಟಿಯನ್ನು ಸುರುಳಿ ಸುತ್ತಿ ಕೊಟ್ಟಳು. ಗಂಡನ ಮುಖವೂ ತುಂಬಿಕೊಂಡಿತ್ತು, ಗಲ್ಲಕ್ಕೆ ಹೊಳಪು ಬಂದಿತ್ತು. ಆ ವಾರವೆಲ್ಲ ಗ್ರಾಂ ಅಕ್ಕ ಕೆಲಸದಲ್ಲಿ ಹಾಡು ಗುನುಗಿದಳು. ಪ್ರಯೋಗ ಕೇಂದ್ರದಲ್ಲಿ ಒಂದು ಯಂತ್ರವಿತ್ತು; ಮಲಗಿದವನ ಮೇಲೆ ಹಾದುಹೋಗಿ ಮೂಳೆ ಎಷ್ಟು, ಕೊಬ್ಬು ಎಷ್ಟು, ಮಾಂಸ ಎಷ್ಟು ಎಂದು ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತಿತ್ತು. ಪಟ್ಟಿಗೆ ಆ ಬುದ್ಧಿಯಿಲ್ಲ. ಪಟ್ಟಿಗೆ ದಪ್ಪ ಎಂದರೆ ದಪ್ಪ ಅಷ್ಟೇ.

ಅವಳಿಗೆ ಧೈರ್ಯ ಕೊಟ್ಟವನು ಇನ್ನೊಬ್ಬನಿದ್ದ. ನಾಲ್ಕನೇ ಮಂಚದವನು, ಈಜು ಕಲಿಸುವ ಮಾಸ್ತರ. ಅವನದು ನೀಲಿ ಡಬ್ಬಿ. ಹೆಬ್ಬಾಗಿಲಿನಂಥ ಆಳು, ತೊಡೆ ನೋಡಿದರೆ ಮರದ ದಿಮ್ಮಿ. ಐವತ್ತನೇ ದಿನವೂ ಅವನ ಕಾಲುಗಳು ಅವಳ ಕಣ್ಣಿಗೆ ದಪ್ಪವಾಗಿಯೇ ಕಂಡವು. ಬಂದಾಗ ಅವು ಇನ್ನೂ ಎಷ್ಟು ದಪ್ಪವಿದ್ದವು ಎಂದು ಅವಳು ನೋಡಿರಲಿಲ್ಲ. ನೋಡಬೇಕು ಎನಿಸಲೂ ಇಲ್ಲ.

ಅರವತ್ತನೇ ದಿನ ಹನ್ನೆರಡೂ ಜನರನ್ನು ಒಬ್ಬೊಬ್ಬರಾಗಿ ಎಬ್ಬಿಸಿದರು. ಪದ್ಧತಿಯಂತೆ ಅಡುಗೆಯವರೆಲ್ಲ ಬಾಗಿಲ ಬಳಿ ನಿಂತು ಚಪ್ಪಾಳೆ ತಟ್ಟಬೇಕು. ಈಜು ಮಾಸ್ತರನನ್ನು ಮೇಜಿಗೆ ಪಟ್ಟಿಯಿಂದ ಬಿಗಿದು, ಮೇಜನ್ನೇ ಮೆಲ್ಲಗೆ ನೆಟ್ಟಗೆ ನಿಲ್ಲಿಸಿದರು. ಪಟ್ಟಿ ಬಿಚ್ಚಿ, ಇಬ್ಬರು ತೋಳು ಹಿಡಿದು, "ಒಂದು ಹೆಜ್ಜೆ ಇಡಿ" ಎಂದರು. ಅವನು ನಕ್ಕ, ಹೆಜ್ಜೆ ಎತ್ತಿದ, ಮೊಣಕಾಲು ಮಡಚಿಕೊಂಡಿತು. ತೋಳು ಹಿಡಿದವರು ಬೀಳದಂತೆ ತಡೆದರು. ಎರಡನೇ ಸಲವೂ ಹಾಗೆಯೇ ಆಯಿತು. ಅವನು ತನ್ನ ಕಾಲನ್ನು ಯಾರದೋ ಕಾಲು ನೋಡುವಂತೆ ನೋಡಿ ಗೊಳೋ ಎಂದು ಅತ್ತುಬಿಟ್ಟ.

"ಎರಡು ವಾರ ವ್ಯಾಯಾಮ ಮಾಡಿಸ್ತೀವಲ್ಲ, ಎಲ್ಲಾ ಸರಿಹೋಗುತ್ತೆ" ಎಂದು ಡಾಕ್ಟರಮ್ಮ ಬೆನ್ನು ಸವರಿದಳು.

ಚಪ್ಪಾಳೆ ತಟ್ಟಲು ಎತ್ತಿದ ಗ್ರಾಂ ಅಕ್ಕನ ಕೈ ಹಾಗೇ ನಿಂತಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಸಮಾಧಾನ ಹುಡುಕಿದಳು. ಇವನನ್ನು ತಲೆಕೆಳಗಾಗಿ ಮಲಗಿಸಿದ್ದರು, ನಮ್ಮವರನ್ನು ಹಾಗೆ ಮಲಗಿಸಿಲ್ಲ. ನಮ್ಮವರ ಕಾಲು ದಪ್ಪವಾಗಿದೆ, ಪಟ್ಟಿ ಸುಳ್ಳು ಹೇಳುತ್ತದೆಯೇ? ಇಳಿಯುವ ನಿಲ್ದಾಣ ದಾಟಿ ಹೋದದ್ದು ಅವಳಿಗೆ ತಿಳಿಯಲಿಲ್ಲ.

ಅದಾಗಿ ಐದನೇ ದಿನಕ್ಕೆ ಗಂಡನ ನಾಲ್ಕು ತಿಂಗಳು ತುಂಬಿತು.

ನಡಿಗೆಯ ವಾರ್ಡಿನ ವ್ಯಾಯಾಮದವನು ಅವಸರದ ಮನುಷ್ಯ, ಕೆಟ್ಟವನಲ್ಲ. ಮೂಳೆ ಚೆನ್ನಾಗಿ ಕೂಡಿದೆ ಎಂದು ಎಕ್ಸ್‌ರೇ ನೋಡಿ ಹೇಳಿದ. ಗಂಡನನ್ನು ಇಬ್ಬರು ಎತ್ತಿ ಕಂಬಿಗಳ ನಡುವೆ ನಿಲ್ಲಿಸಿದರು. ಅವನು ಕಂಬಿ ಹಿಡಿದು, ಹಲ್ಲು ಕಚ್ಚಿ, ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಅವರು ಕೈಬಿಟ್ಟರು.

"ಒಂದು, ಎರಡು, ಮೂರು" ಎಂದು ವ್ಯಾಯಾಮದವನು ಎಣಿಸಿದ. ಐದಕ್ಕೆ ಕಾಲು ನಡುಗತೊಡಗಿತು. ಏಳಕ್ಕೆ ಹಣೆ ಬೆವರಿತು. ಒಂಬತ್ತಕ್ಕೆ ಅವನು ಕೂತುಬಿಟ್ಟ. ಕೂತದ್ದೂ ಅಲ್ಲ, ಕಾಲು ಅವನನ್ನು ಕೂರಿಸಿತು.

"ಇನ್ನೊಂದು ಸಲ ನೋಡಿ ಅಪ್ಪಾ" ಎಂದು ಗ್ರಾಂ ಅಕ್ಕ ಕೈ ಮುಗಿದಳು. ಇನ್ನೊಂದು ಸಲ ಆರಕ್ಕೇ ಮುಗಿಯಿತು.

"ಕಾಲು ದಪ್ಪ ಇದೆಯಲ್ಲ, ಮೂವತ್ತೆರಡು ಇದೆ, ನಾನೇ ಅಳೆದಿದ್ದೀನಿ" ಎಂದಳು. ಅವಳ ದನಿ ಅವಳಿಗೇ ಜಗಳಗಂಟಿಯ ದನಿಯಂತೆ ಕೇಳಿಸಿತು.

ವ್ಯಾಯಾಮದವನು ಬಗ್ಗಿ ಮೀನಖಂಡವನ್ನು ಎರಡು ಬೆರಳಲ್ಲಿ ಹಿಂಡಿ ತೋರಿಸಿದ. "ಇಲ್ಲಿ ನೋಡಿ ಅಮ್ಮಾ. ಇದು ಕೊಬ್ಬು. ಒಳಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ. ಮಲಗಿದ್ದೋರಿಗೆ ಏನು ತಿನ್ನಿಸ್ತಿದ್ರಿ? ಚೆನ್ನಾಗೇ ತಿನ್ನಿಸಿದ್ದೀರಿ."

ಗಾಲಿಕುರ್ಚಿ ಕೊಟ್ಟರು. ಕಾಗದ ಕೊಟ್ಟರು. ಕಾಗದದಲ್ಲಿ ಮನೆಯಲ್ಲೇ ಮಾಡುವ ನಾಲ್ಕು ವ್ಯಾಯಾಮದ ಚಿತ್ರಗಳಿದ್ದವು. ಮೊದಲನೆಯ ಚಿತ್ರವೇ ನಿಂತಿರುವ ಮನುಷ್ಯನದು.

ಮುಂದಿನ ಒಂದು ತಿಂಗಳು ಆ ಮನೆಯಲ್ಲಿ ತಮಾಷೆಯ ಮಾತು ಹುಟ್ಟಲಿಲ್ಲ. ಗಂಡ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕೂತು ಎದುರು ಮನೆಯ ಗೋಡೆ ನೋಡುತ್ತಿದ್ದ. ಬಣ್ಣ ಎಲ್ಲೆಲ್ಲಿ ಏಳುತ್ತಿದೆ ಎಂದು ಮೊದಲಾದರೆ ಹೇಳುತ್ತಿದ್ದ, ಈಗ ಅದನ್ನೂ ಹೇಳುವುದು ಬಿಟ್ಟಿದ್ದ. ಕೊಟ್ಟ ಲೋಟವನ್ನು ಕುಡಿದು, ಬೆರಳಲ್ಲಿ ತಳ ಬಳಿದು ನೆಕ್ಕುತ್ತಿದ್ದ. ಗ್ರಾಂ ಅಕ್ಕ ಕೂಡಿಟ್ಟಿದ್ದ ಪುಡಿಯನ್ನು ಇನ್ನೂ ಕಲಸುತ್ತಿದ್ದಳು. ಅರವತ್ತು ದಿನ ಸಾಲದೆ ಹೋಗಿರಬೇಕು, ಮೂವತ್ತು ಗ್ರಾಮಿನ ಬದಲು ನಲವತ್ತು ಕೊಡಬೇಕಿತ್ತು ಎಂದು ಲೆಕ್ಕ ಹಾಕುತ್ತಿದ್ದಳು. ಆಸೆ ಸಾಯುವುದಕ್ಕೆ ಮುಂಚೆ ಮನುಷ್ಯ ಅದಕ್ಕೆ ಎಷ್ಟು ಔಷಧ ಕುಡಿಸುತ್ತಾನೆ.

ತಿಂಗಳು ಕಳೆದ ಮೇಲೆ ಕೇಂದ್ರದಲ್ಲಿ ಲಕೋಟೆ ಒಡೆದರು. ಮಧ್ಯಾಹ್ನ ಎಲ್ಲರನ್ನೂ ಸಭೆಯ ಕೋಣೆಗೆ ಕರೆದು ಕೇಕು ಹಂಚಿದರು. ತೂಗದೆ ಕತ್ತರಿಸಿದ ಕೇಕು. ಡಾಕ್ಟರಮ್ಮ ಸೀದಾ ಗ್ರಾಂ ಅಕ್ಕನ ಹತ್ತಿರ ಬಂದಳು.

"ನಿಜ ಹೇಳಿ ಅಕ್ಕಾ, ನೀವು ದಿನಾ ಕಲಸಿದೋರು. ಯಾವುದು ಅಸಲಿ ಅಂತ ಗುರುತು ಸಿಕ್ಕಿತ್ತಾ?"

"ನೀಲಿ ಅಂದ್ಕೊಂಡಿದ್ದೆ ಅಮ್ಮಾ. ನೊರೆ ನೋಡಿ."

ಡಾಕ್ಟರಮ್ಮ ಖುಷಿಯಿಂದ ಚಪ್ಪಾಳೆ ತಟ್ಟಿ ಪಕ್ಕದವರನ್ನು ಕರೆದಳು. "ಕೇಳಿದ್ರಾ? ಇವರೇ ಮೋಸ ಹೋಗಿದ್ದಾರೆ! ನೀಲಿ ಪಿಷ್ಟ ಅಕ್ಕಾ. ಪಿಷ್ಟಕ್ಕೆ ನೊರೆ ಬರಲ್ಲ, ನಿಮ್ಮಂಥ ಅನುಭವಸ್ಥರು ಕಂಡುಹಿಡಿದುಬಿಡ್ತಾರೆ ಅಂತಾನೇ ಅದಕ್ಕೆ ನೊರೆ ಬರೋ ಪದಾರ್ಥ ಸೇರಿಸಿದ್ದರಂತೆ. ಸ್ವಲ್ಪ ಜಾಸ್ತೀನೇ ಸೇರಿಸಿಬಿಟ್ಟಿದ್ದಾರೆ. ನಾನು ಇದನ್ನ ವರದೀಲಿ ಬರೀತೀನಿ."

ಗ್ರಾಂ ಅಕ್ಕನ ಕೈಯಲ್ಲಿದ್ದ ಕೇಕು ಪುಡಿಯಾಯಿತು. ದಿನಕ್ಕೆ ಅರವತ್ತು ಗ್ರಾಂ. ಮೂರು ತಿಂಗಳು. ಏಳಲಾಗದ ಗಂಡನಿಗೆ ತನ್ನ ಕೈಯಾರೆ ಹಿಟ್ಟು ಕುಡಿಸಿ ಕೊಬ್ಬಿಸಿದ್ದಳು. ಅಸಲಿಯನ್ನು ವಾರ ವಾರ ತೂಗಿ, ಬರೆದು, ಕಸಕ್ಕೆ ಸುರಿದಿದ್ದಳು.

"ಹಾಗಿದ್ರೆ ಹಸಿರು ಕುಡಿದೋರು..." ಎಂದಳು. "ಅವರ ಕಾಲು ಉಳೀತಾ ಅಮ್ಮಾ?"

"ಎಲ್ಲಿ ಉಳೀತು! ಬನ್ನಿ ಇಲ್ಲಿ" ಎಂದು ಡಾಕ್ಟರಮ್ಮ ಗೋಡೆಯ ಪರದೆಯ ಹತ್ತಿರ ಕರೆದೊಯ್ದಳು. ಅಲ್ಲಿ ಎರಡು ಗೆರೆ, ಒಂದು ನೀಲಿ, ಒಂದು ಹಸಿರು. ಎರಡೂ ಎಡಗಡೆ ಮೇಲಿಂದ ಹೊರಟು ಒಂದಕ್ಕೊಂದು ಅಂಟಿಕೊಂಡೇ ಕೆಳಗಿಳಿದಿದ್ದವು. "ನೋಡಿ, ಕೂದಲಷ್ಟೂ ವ್ಯತ್ಯಾಸ ಇಲ್ಲ. ಪುಡಿ ಕೊಡಿ, ಬಿಡಿ, ಕಾಲು ಹೋಗೋದು ಹೋಗೇ ಹೋಗುತ್ತೆ. ಕೆಲಸ ಕೊಡದೆ ಬರೀ ತಿನ್ನಿಸಿ ಉಳಿಸೋಕೆ ಆಗಲ್ಲ. ನಮಗೆ ಇದೂ ಒಂದು ಉತ್ತರವೇ."

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಎಂಬ ಮಾತಿದೆ. ಆ ಮಾತು ಕಟ್ಟಿದವರಿಗೆ ಹುಣಸೆಹಣ್ಣಾದರೂ ಅಸಲಿಯಿತ್ತು. ಮೊದಲು ಅವಳಿಗೆ ಉಸಿರು ಬಂದಂತಾಯಿತು. ತಪ್ಪು ಡಬ್ಬಿ ಆರಿಸಿ ಗಂಡನ ಕಾಲು ಕಳೆದವಳು ತಾನಲ್ಲ. ಆಮೇಲೆ ಅದಕ್ಕಿಂತ ಕೆಟ್ಟದ್ದು ಹೊಳೆಯಿತು. ತಪ್ಪು ಡಬ್ಬಿ ಎಂದಿದ್ದರೆ ಎಲ್ಲೋ ಒಂದು ಸರಿಯಾದ ಡಬ್ಬಿಯಿದೆ ಎಂದಾಗುತ್ತಿತ್ತು. ಅಂಥದ್ದೇ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಗಂಡ ಅಪರೂಪಕ್ಕೆ ತಾನೇ ಮಾತು ತೆಗೆದ. "ನೋಡು, ನಾನೊಂದು ಯೋಚನೆ ಮಾಡಿದ್ದೀನಿ. ಪುಡಿ ದಿನಕ್ಕೆ ಮೂರು ಹೊತ್ತು ಮಾಡು. ಇನ್ನು ಮೂರು ತಿಂಗಳು ಬಿಟ್ಟು ಅವರನ್ನ ಮತ್ತೆ ಕೇಳೋಣ. ಈ ಸಲ ನಾನು ಮನಸ್ಸಿಟ್ಟು ಕುಡೀತೀನಿ."

ಸುಳ್ಳು ಹೇಳಲು ಅವಳು ಬಾಯಿ ತೆರೆದಳು. ಆದರೆ ಎಂಟು ವರ್ಷ ಎರಡು ಗ್ರಾಮಿಗೂ ಸುಳ್ಳು ಬರೆಯದವಳು. ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತು ಎಲ್ಲವನ್ನೂ ಹೇಳಿದಳು. ನೊರೆ, ನೀಲಿ, ಹಸಿರು, ಈಜು ಮಾಸ್ತರ, ಎರಡು ಗೆರೆ, ಯಾವುದನ್ನೂ ಬಿಡಲಿಲ್ಲ.

ಅವನು ತನ್ನ ತೊಡೆಯನ್ನು ಎರಡು ಬೆರಳಲ್ಲಿ ಹಿಂಡಿ ನೋಡಿದ. ಆಮೇಲೆ, "ಹಾಗಿದ್ರೆ ನನ್ನ ತಪ್ಪಲ್ಲ ಅಲ್ವಾ?" ಎಂದ.

"ನಿಮ್ಮ ತಪ್ಪು ಏನ್ರೀ?"

"ನಾನೇ ಏನೋ ಕಳ್ಳಾಟ ಆಡ್ತಿದ್ದೀನಿ ಅಂದ್ಕೊಂಡಿದ್ದೆ ಕಣೇ. ನೀನು ಅಷ್ಟು ಅಳೆದು ತೂಗಿ ಕೊಟ್ರೂ ಈ ಹಾಳು ಮೈ ತಗೊಳ್ಳಲಿಲ್ಲವಲ್ಲ ಅಂತ. ಒಂದು ತಿಂಗಳು ಅದೇ ಕೊರಗು."

ಅವಳು ಅವನ ಮಂಡಿಯ ಮೇಲೆ ಕೈಯಿಟ್ಟಳು. ಅವನೇ ಕೇಳಿದ. "ಆ ಗಗನಯಾತ್ರಿಗಳು ಇಳಿದು ಬಂದ ಮೇಲೆ ನಡೀತಾರಲ್ಲ?"

"ನಡೀತಾರೆ. ದಿನಾ ಹಿಡಿದು ನಿಲ್ಲಿಸಿ, ವ್ಯಾಯಾಮ ಮಾಡಿಸಿ, ನಡೆಸೋಕೆ ಜನ ಇರ್ತಾರೆ."

"ನಿಮ್ಮ ಈಜು ಮಾಸ್ತರ?"

"ಅವರೂ ನಡೀತಿದ್ದಾರೆ."

"ನಂಗೆ ಯಾರಿದ್ದಾರೆ?"

"ನಾನಿದ್ದೀನಲ್ಲ" ಎಂದಳು ಗ್ರಾಂ ಅಕ್ಕ. ಎದ್ದು ನಿಂತು, ಅವನ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿದಳು. ಮೂರು ತಿಂಗಳು ಅವಳೇ ತುಂಬಿಸಿದ ಮೈ. ಒಂದು ಗೇಣೂ ಏಳಲಿಲ್ಲ. ಮತ್ತೊಮ್ಮೆ ಎತ್ತಿದಳು, ಸೊಂಟ ಉಳುಕಿತು, ಕುರ್ಚಿ ಹಿಂದಕ್ಕೆ ಜಾರಿತು, ಇಬ್ಬರೂ ಬೀಳುವಂತಾಗಿ ಅವನು ಕಿಟಕಿಯ ಸರಳು ಹಿಡಿದುಕೊಂಡ.

"ಬಿಡು ಕಣೇ" ಎಂದ ಅವನು, ಅವಳ ಕೈಯನ್ನು ತನ್ನ ಮೈಯಿಂದ ಮೆಲ್ಲಗೆ ಬಿಡಿಸಿ. "ನೀನು ಅಡುಗೆಯವಳು. ತಿನ್ನೋಕೆ ಕೊಡೋದು ನಿನ್ನ ಕೈಲಾಗುತ್ತೆ. ಕೊಟ್ಟೆಯಲ್ಲ."

ಅವನು ಕೋಪದಿಂದ ಹೇಳಲಿಲ್ಲ. ಅವಳ ತಲೆಯ ಮೇಲಿನ ಹೊರೆ ಇಳಿಸುವವನಂತೆ, ಪ್ರೀತಿಯಿಂದಲೇ ಹೇಳಿದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.